ನೂರಾ ಎಂಬತ್ತೈದು ಸಲ ಕಾಲುವೆ ದಾಟಿದ ಗುರಪ್ಪ

ಕಾಲುವೆ ವಿಭಾಗದ ದೊಡ್ಡ ಕುರ್ಚಿಯಲ್ಲಿರುವ ಮಾನ್ಯರೇ,

ಇಪ್ಪತ್ತೊಂದು ವರ್ಷ ನಿಮ್ಮ ಕಾಲುವೆಯ ದಂಡೆ ಸವೆಸಿದ ಒಬ್ಬ ಲಸ್ಕರನನ್ನು ನಿಮ್ಮ ಕಚೇರಿ ಸುಳ್ಳುಗಾರ ಎಂದು ಬರೆದು ಮನೆಗೆ ಕಳಿಸಿದೆ. ಅವರ ಹೆಸರು ಗುರಪ್ಪ, ಕಕ್ಕೇರಾ ಕಡೆಯ ಒಂದು ದೊಡ್ಡಿ, ಅಂದರೆ ಹೊಲಗಳ ನಡುವಿನ ಪುಟ್ಟ ಊರಿನವರು. ತೂಬುಗಳ ಬಾಗಿಲು ತೆಗೆಯುವುದು, ಹಾಕುವುದು, ಪಾಳಿಯ ಪ್ರಕಾರ ಹೊಲಗಳಿಗೆ ನೀರು ಬಿಡುವುದು ಅವರ ಕೆಲಸ. ಅವರು ಸುಳ್ಳು ಹೇಳಿಲ್ಲ. ಆದ ತಪ್ಪು ನನ್ನದು, ಸ್ವಲ್ಪ ನಿಮ್ಮದು. ಇದನ್ನು ಹೇಳಲು ನಿಮ್ಮ ಕಚೇರಿಗೆ ಐದು ಸಲ ಬಂದೆ. ಐದು ಸಲವೂ ನೀವು ಸಭೆಯಲ್ಲಿದ್ದಿರಿ. ಆದ್ದರಿಂದ ಊರ ಮಂದಿಯೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸಭೆಯ ನಡುವೆ ಚಹಾ ಕುಡಿಯುವಾಗಲಾದರೂ ಯಾರಾದರೂ ನಿಮಗೆ ಓದಿ ಹೇಳಬಹುದು.

ನಾನು ದೇವಕಮ್ಮ. ತವರು ವಡಗೇರಾ, ಹೊಟ್ಟೆಪಾಡು ಶಹಾಪುರ. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ನನ್ನದೊಂದು ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಅರ್ಜಿ ತುಂಬಿಕೊಡುವುದು, ಸ್ಟಿಕ್ಕರ್ ಮುದ್ರಣ ಎಲ್ಲ ಇದ್ದರೂ ಏಳು ವರ್ಷದಿಂದ ಮುಖ್ಯ ಕಸುಬು ಕ್ಯೂಆರ್ ಕೋಡ್. ಆ ಕಪ್ಪು ಬಿಳಿ ಚೌಕವನ್ನು ಕೇಳಿಕೊಂಡು ಮೊದಲು ಬಂದವರು ಚಹಾದಂಗಡಿಯವರು. ಆಮೇಲೆ ಬೀಜದಂಗಡಿ, ರೈಸ್ ಮಿಲ್ಲು, ಟ್ಯೂಷನ್ ಮಾಸ್ತರು, ಮದುವೆ ಮನೆಯವರು. ಹತ್ತಿಕುಣಿಯ ಒಬ್ಬರು ಹದಿನಾಲ್ಕು ಎಮ್ಮೆಗಳ ಕೊರಳಿಗೆ ಒಂದೊಂದು ಮಾಡಿಸಿಕೊಂಡು ಹೋದರು. ಎಮ್ಮೆ ಕಳೆದರೆ ಸಿಕ್ಕವರು ಸ್ಕ್ಯಾನ್ ಮಾಡಲಿ ಎಂಬುದು ಅವರ ಯೋಚನೆ. ನಾನು ನಗಲಿಲ್ಲ. ಹದಿನಾಲ್ಕೂ ಎಮ್ಮೆಗಳ ಹೆಸರು ಕೇಳಿ ಬರೆದುಕೊಂಡೆ.

ಹೆಸರು ಬರೆದುಕೊಳ್ಳುವುದಕ್ಕೆ ಕಾರಣವಿದೆ. ಒಂದು ಕೋಡ್ ಮಾಡುವುದು ದೊಡ್ಡ ವಿದ್ಯೆಯಲ್ಲ, ಶಾಲೆಯ ಮಕ್ಕಳೂ ಮಾಡುತ್ತಾರೆ. ಸಾವಿರ ಕೋಡ್ ಮಾಡುವುದು ಬೇರೆಯೇ ಕೆಲಸ. ಸಾವಿರವೂ ಒಂದೇ ಮುಖದವು. ಯಾವುದು ಯಾರದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಯಾವ ಕೋಡ್ ಯಾವ ವಸ್ತುವಿಗೆ, ಯಾವ ದಿನ ಹಚ್ಚಿದ್ದು, ಯಾವುದರ ವರ್ಷದ ಶುಲ್ಕ ಮುಗಿದು ಅದು ಸತ್ತುಹೋಗುತ್ತದೆ, ಹರಿದುಹೋದದ್ದರ ಬದಲಿಗೆ ಯಾವುದು, ಇಷ್ಟನ್ನು ನೆನಪಿಡದಿದ್ದರೆ ಕೈಯಲ್ಲಿ ಉಳಿಯುವುದು ಬರೀ ಕಪ್ಪು ಬಿಳಿ ಕಾಗದ. ಇದು ನನಗೆ ಗೊತ್ತಾದದ್ದು ಸುರಪುರದ ಜೈತುನಬೀಯಿಂದ. ಆಕೆ ಆರು ತರದ ಚಟ್ನಿ ಪುಡಿ ಮಾಡಿ ಮಾರುತ್ತಾಳೆ. ಮೊದಲ ಸಲ ಆರು ನೂರು ಪಾಕೀಟಿಗೆ ಕೋಡ್ ಮಾಡಿಕೊಟ್ಟಾಗ ನಾನು ಶೇಂಗಾದ ಕಟ್ಟನ್ನು ಅಗಸಿಯ ಕಟ್ಟಿನ ಜಾಗದಲ್ಲಿಟ್ಟೆ. ಅಗಸಿ ಪುಡಿ ಕೊಂಡವರು ಸ್ಕ್ಯಾನ್ ಮಾಡಿದರೆ ಶೇಂಗಾ ಎಂದು ಬರುತ್ತಿತ್ತು. ನಾನು ಹೆದರಿಕೊಂಡು ಫೋನ್ ಮಾಡಿದರೆ ಆಕೆ, "ಬಾಯಾಗ ಹಾಕ್ಕೊಂಡ್ರ ಗೊತ್ತಾಗ್ತದ ಬಿಡವ್ವ. ಆದ್ರ ಮುಂದಿನ ಸಲ ಕೆಳಗ ಹೆಸರ ಬರಿ. ನಾವು ಕಣ್ಣಿಲೆ ನೋಡೋ ಮಂದಿ" ಅಂದಳು. ಅಂದಿನಿಂದ ನನ್ನ ಅಂಗಡಿಯ ಕೋಡ್‌ಗಳ ಕೆಳಗೆ ಕನ್ನಡದಲ್ಲಿ ಹೆಸರಿರುತ್ತದೆ. ಎಮ್ಮೆಯಾದರೂ ಅಷ್ಟೆ, ಅಗಸಿ ಪುಡಿಯಾದರೂ ಅಷ್ಟೆ.

ಈ ನಿಯಮವನ್ನು ನಾನು ಮುರಿದದ್ದು ಒಂದೇ ಸಲ, ನಿಮ್ಮ ಮಾತು ಕೇಳಿ.

ಈ ವರ್ಷ ಜೂನ್‌ನಲ್ಲಿ ನಿಮ್ಮ ಕಚೇರಿಯಿಂದ ಆದೇಶ ಬಂತು. ಕಾಲುವೆಯ ಪ್ರತಿ ತೂಬಿಗೆ ಒಂದು ಕ್ಯೂಆರ್ ಕೋಡ್ ಫಲಕ. ಲಸ್ಕರ್ ದಿನವೂ ತೂಬಿನ ಹತ್ತಿರ ಹೋಗಿ ಫೋನಿನಿಂದ ಸ್ಕ್ಯಾನ್ ಮಾಡಬೇಕು. ನೀರು ಬಿಟ್ಟರೆ ಹಸಿರು ಗುಂಡಿ, ನಿಲ್ಲಿಸಿದರೆ ಹಳದಿ, ದುರಸ್ತಿ ಬೇಕಾದರೆ ಕೆಂಪು. ಕೋಡ್‌ಗಳನ್ನು ಹುಟ್ಟಿಸಿದ್ದು ದೂರದ ನಗರದ ಯಾವುದೋ ಕಂಪನಿ. ಅದು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿತು, ಅವನು ಇನ್ನೊಬ್ಬನಿಗೆ ಕೊಟ್ಟ, ಆ ಇನ್ನೊಬ್ಬ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ಆರು ಸಾವಿರದ ಇನ್ನೂರು ಫಲಕ, ಮೂವತ್ಮೂರು ಲಸ್ಕರರು, ಒಂಬತ್ತು ದಿನ. ಕಾಲುವೆಗೆ ನೀರು ಬಿಡುವ ದಿನ ಮಂತ್ರಿಗಳು ಬಂದು ಮೊದಲ ಕೋಡ್ ಸ್ಕ್ಯಾನ್ ಮಾಡುವವರಿದ್ದರಂತೆ, ಅದಕ್ಕೇ ಅಷ್ಟು ಅವಸರ. ಅವರು ಬರಲಿಲ್ಲ, ಅದು ಬೇರೆ ಮಾತು. ಬಂದ ಪಟ್ಟಿಯಲ್ಲಿ ಇದ್ದದ್ದು ಒಬ್ಬೊಬ್ಬ ಲಸ್ಕರನ ಹೆಸರಿನ ಕೆಳಗೆ ಕ್ರಮಸಂಖ್ಯೆ ಮತ್ತು ಹನ್ನೊಂದು ಅಂಕಿ ಅಕ್ಷರಗಳ ಇಂಗ್ಲಿಷ್ ನಂಬರ್. ಊರಿನ ಹೆಸರಿಲ್ಲ, ತೂಬಿನ ಹೆಸರಿಲ್ಲ, ಎಡ ಬಲವೂ ಇಲ್ಲ.

ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಪ್ರತಿ ಕೋಡಿನ ಕೆಳಗೆ ಯಾವ ದಂಡೆ, ಎಷ್ಟನೆಯ ತೂಬು ಎಂದು ಕನ್ನಡದಲ್ಲಿ ಎರಡು ಸಾಲು ಹಾಕುತ್ತೇನೆ, ಹೆಚ್ಚಿನ ಖರ್ಚಿಲ್ಲ, ವಿವರವಿರುವ ಪಟ್ಟಿ ಕಳಿಸಿ ಎಂದೆ. ಆ ಕಡೆಯಿಂದ ಮಾತಾಡಿದವರು ಬಹಳ ಸಭ್ಯರು. "ಮೇಡಂ, ವಿನ್ಯಾಸಕ್ಕೆ ಮೇಲಿನಿಂದ ಅನುಮೋದನೆ ಸಿಕ್ಕಿದೆ. ಕೆಳಗೆ ಏನಾದರೂ ಬರೆದರೆ ಏಕರೂಪತೆ ಕೆಡುತ್ತದೆ" ಎಂದರು. ಹಾಗಾದರೆ ಹಚ್ಚುವವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿದೆ. "ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ" ಎಂದರು. ಗೋಡೆಗೆ ಹಚ್ಚುವ ಮೊದಲು ಇದು ಎಲ್ಲಿಗೆ ಹಚ್ಚಬೇಕಾದದ್ದು ಎಂದು ತಿಳಿಯಲು ಆರು ಸಾವಿರದ ಇನ್ನೂರು ಸಲ ಸ್ಕ್ಯಾನ್ ಮಾಡಬೇಕು, ಅದೂ ಆ ಫೋನ್ ತೋರಿಸುವುದು ಅದೇ ಹನ್ನೊಂದು ಅಂಕಿ ಅಕ್ಷರಗಳನ್ನು. ನಾನು ವಾದ ಮಾಡಬೇಕಿತ್ತು. ಮಾಡಲಿಲ್ಲ. ಕೆಲಸ ಕೈತಪ್ಪೀತು ಎಂಬ ಅಂಜಿಕೆ, ಒಂಬತ್ತು ದಿನದ ಓಡಾಟ, ಮತ್ತೆ ಸರಕಾರದ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಇನ್ನೂ ನೋಡಿಲ್ಲ ಎಂಬುದೂ ಇತ್ತು. ಮುದ್ರಿಸಿದೆ. ಹತ್ತಕ್ಕೊಂದರಂತೆ ಪರೀಕ್ಷಿಸಿದೆ. ಎಲ್ಲ ಸರಿಯಾಗಿ ಓದಿಸಿಕೊಂಡವು. ಒಬ್ಬೊಬ್ಬ ಲಸ್ಕರನದು ಒಂದೊಂದು ಕಟ್ಟು, ಪಟ್ಟಿಯ ಕ್ರಮದಲ್ಲೇ, ರಬ್ಬರ್ ಹಾಕಿ ಇಟ್ಟೆ.

ಗುರಪ್ಪ ತಮ್ಮ ಕಟ್ಟು ಒಯ್ಯಲು ಬಂದದ್ದು ಒಂದು ಗುರುವಾರ. ಐವತ್ತೆಂಟು ವರ್ಷದ ತೆಳ್ಳಗಿನ ಮನುಷ್ಯ, ಹೆಗಲಿಗೆ ಒಂದು ಟವೆಲ್ಲು, ಕೈಯಲ್ಲಿ ಗೊಬ್ಬರದ ಚೀಲ. ನೂರಾ ಎಂಬತ್ತಾರು ಫಲಕಗಳನ್ನು ಅವರು ಒಂದೊಂದಾಗಿ ಎಣಿಸಿದರು. ಹೆಸರು ಬರೆಯುವಷ್ಟು ಅಕ್ಷರ ಬರುತ್ತದೆ ಅವರಿಗೆ, ಇಂಗ್ಲಿಷ್ ಬರುವುದಿಲ್ಲ. ಎಣಿಸಿ ಮುಗಿದ ಮೇಲೆ ಕೇಳಿದರು, "ಯವ್ವ, ಮ್ಯಾಲಿಂದ ಒಂದೊಂದ ತಗದು ಹಚ್ಚಿಕೊಂತ ಹೋಗ್ಲೇನು?"

"ಹೌದ್ರಿ, ಎಲ್ಲಾ ಪಟ್ಟಿ ಪ್ರಕಾರನ ಜೋಡಿಸೀನ್ರಿ," ಎಂದೆ.

ನೀವು ಯಾವ ದಾರಿಯಲ್ಲಿ ಹಚ್ಚಿಕೊಂತ ಹೋಗುತ್ತೀರಿ ಎಂದು ನಾನು ಕೇಳಲಿಲ್ಲ. ಮಾನ್ಯರೇ, ಈ ಪತ್ರದಲ್ಲಿ ಇರುವ ಕಷ್ಟವೆಲ್ಲ ಆ ಕೇಳದ ಒಂದು ಮಾತಿನಿಂದ ಹುಟ್ಟಿದ್ದು.

ಗುರಪ್ಪನವರ ಪಾಲಿನ ಹಂಚಿಕೆ ಕಾಲುವೆ ಒಂಬತ್ತು ಕಿಲೋಮೀಟರ್ ಉದ್ದ. ಎಡ ದಂಡೆಯ ಮೇಲೆ ತೊಂಬತ್ಮೂರು ತೂಬು, ಬಲ ದಂಡೆಯ ಮೇಲೆ ತೊಂಬತ್ಮೂರು. ದಾಟಲು ಇರುವುದು ಎರಡೇ ಜಾಗ. ಮೇಲ್ಗಡೆ ದೊಡ್ಡಿಯ ಹತ್ತಿರ ಒಂದು ಸೇತುವೆ, ಕೆಳಗೆ ಕೊನೆಯಲ್ಲಿ ಒಂದು ಕಲ್ಲಿನ ಹಾಸು. ನಡುವೆ ಎಲ್ಲೂ ದಾಟಲು ಬರುವುದಿಲ್ಲ, ನೀರು ತುಂಬಿದಾಗ ಎದೆಮಟ್ಟ. ಹಾಗಾಗಿ ಇಪ್ಪತ್ತೊಂದು ವರ್ಷದಿಂದ ಅವರದು ಒಂದೇ ರೂಢಿ. ಬೆಳಿಗ್ಗೆ ಆರಕ್ಕೆ ಎಡ ದಂಡೆ ಹಿಡಿದು ಇಳಿಯುವುದು, ಹನ್ನೆರಡರ ಸುಮಾರಿಗೆ ಕೊನೆ ಮುಟ್ಟುವುದು, ಕಲ್ಲು ದಾಟಿ ರೊಟ್ಟಿ ಬಿಚ್ಚುವುದು, ಆಮೇಲೆ ಬಲ ದಂಡೆ ಹಿಡಿದು ಸಂಜೆಗೆ ದೊಡ್ಡಿಗೆ ವಾಪಸ್ ಬರುವುದು. ಆ ಕಾಲುವೆಯ ಮೇಲೆ ಬೇರೆ ಯಾವ ರೀತಿಯಲ್ಲಿ ನಡೆಯಲು ಸಾಧ್ಯ? ಅವರು ಫಲಕ ಹಚ್ಚಿದ್ದೂ ಹಾಗೆಯೇ. ಕಟ್ಟಿನ ಮೊದಲ ತೊಂಬತ್ಮೂರು ಎಡ ದಂಡೆಗೆ, ಮೇಲಿಂದ ಕೆಳಕ್ಕೆ. ಉಳಿದ ತೊಂಬತ್ಮೂರು ಬಲ ದಂಡೆಗೆ, ಕೆಳಗಿಂದ ಮೇಲಕ್ಕೆ. ಎರಡು ದಿನ ಮೊಳೆ ಹೊಡೆದು ಹೆಬ್ಬೆರಳು ಜಜ್ಜಿಕೊಂಡಿದ್ದರು.

ಆದರೆ ನಿಮ್ಮ ದಫ್ತರದ ಕಾಲುವೆ ಬೇರೆ ಇದೆ. ಅದು ಕಾಗದದ ಮೇಲಿನ ಕಾಲುವೆ, ಅದಕ್ಕೆ ಆಳವೂ ಇಲ್ಲ, ಕೆಸರೂ ಇಲ್ಲ. ಅದನ್ನು ಬರೆದ ಎಂಜಿನಿಯರ್ ಮೇಜಿನ ಮುಂದೆ ಕುಳಿತು ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು ಎಂದು ತೂಬುಗಳಿಗೆ ನಂಬರ್ ಹಾಕಿಕೊಂಡು ಹೋಗಿದ್ದಾರೆ. ಬೆಸ ಸಂಖ್ಯೆಯೆಲ್ಲ ಎಡ, ಸಮ ಸಂಖ್ಯೆಯೆಲ್ಲ ಬಲ. ಪೆನ್ನಿಗೆ ಕಾಲುವೆ ದಾಟುವುದು ಕಷ್ಟವಲ್ಲ. ನನ್ನ ಕಟ್ಟು ಆ ಕ್ರಮದಲ್ಲಿತ್ತು. ಗುರಪ್ಪನವರ ಕಾಲು ತನ್ನ ಕ್ರಮದಲ್ಲಿತ್ತು. ಒಂದನೆಯ ಫಲಕ ಬಿಟ್ಟರೆ ಉಳಿದ ನೂರಾ ಎಂಬತ್ತೈದು ಫಲಕಗಳೂ ನಿಮ್ಮ ದಫ್ತರದ ಪ್ರಕಾರ ಬೇರೆ ಬೇರೆ ತೂಬಿನ ಮೇಲೆ ಕುಳಿತವು. ಅಲ್ಲಿದ್ದವರಿಗೆ ಇದು ಕಾಣಿಸಲಿಲ್ಲ, ಏಕೆಂದರೆ ಫಲಕದ ಮೇಲೆ ಕಾಣುವಂಥದ್ದು ಏನೂ ಇರಲಿಲ್ಲ. ಏಕರೂಪತೆ ಮಾತ್ರ ಚೆನ್ನಾಗಿತ್ತು.

ಎಪ್ಪತ್ತೊಂದು ದಿನ ಅವರು ಸ್ಕ್ಯಾನ್ ಮಾಡಿದರು. ರೈತರು ಹೊಸ ನೀರು ಬಂದ ದಿನ ತೂಬಿಗೆ ಪೂಜೆ ಮಾಡುವಾಗ ಈ ಫಲಕಕ್ಕೂ ಅರಿಶಿಣ ಕುಂಕುಮ ಹಚ್ಚಿದ್ದರು. ಹೊಸದಾಗಿ ಬಂದದ್ದಕ್ಕೆ ಹಾಗೆ ಮಾಡುವುದು ನಮ್ಮಲ್ಲಿ ಇದ್ದದ್ದೇ. ಮೂಲೆಯ ಮೂರು ಚೌಕ ನೋಡಿದರೆ ಬೊಟ್ಟು ಇಡಲೆಂದೇ ಬಿಟ್ಟ ಹಾಗಿರುತ್ತವೆ. ಕುಂಕುಮ ಬಿದ್ದರೆ ಫೋನು ಓದುವುದಿಲ್ಲ. ಗುರಪ್ಪ ಟವೆಲ್ಲು ಒದ್ದೆ ಮಾಡಿ ಒಂದೊಂದನ್ನೂ ಒರೆಸಿ, ಒರೆಸಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಸ್ಕ್ಯಾನ್ ಮಾಡುತ್ತಿದ್ದರು. ಅವರನ್ನು ಕೆಲಸದಿಂದ ತೆಗೆದ ನಿಮ್ಮ ನೋಟೀಸಿನಲ್ಲಿ ಇದಕ್ಕೂ ಒಂದು ಕಲಂ ಇದೆ, "ಫಲಕಗಳ ವಿರೂಪವನ್ನು ತಡೆಯದಿರುವುದು". ಓದಿ ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇತ್ತೀಚೆಗೆ ನಿಮ್ಮ ಕಾಗದಗಳನ್ನು ಓದಿದಾಗ ನನಗೆ ಆಕಳಿಕೆ ಬರುತ್ತದೆ.

ಕೊನೆಗೆ ಅವರನ್ನು ಸಿಕ್ಕಿಸಿದ್ದು ಅವರ ಪ್ರಾಮಾಣಿಕತೆ. ಎಡ ದಂಡೆಯ ಕಟ್ಟಕಡೆಯ ತೂಬಿನ ಬಾಗಿಲು ಮುರಿದಿತ್ತು. ಅದರ ಕೆಳಗಿನ ಹೊಲ ಹನುಮಮ್ಮನದು. ಪಾಳಿ ಇರಲಿ ಬಿಡಲಿ ನೀರು ನುಗ್ಗಿ ಆಕೆಯ ಬದು ಕೊರೆಯುತ್ತಿತ್ತು. ಗುರಪ್ಪ ಕೆಂಪು ಗುಂಡಿ ಒತ್ತಿದರು. ಆ ತೂಬಿನ ಮೇಲೆ ಇದ್ದದ್ದು ತೊಂಬತ್ಮೂರನೆಯ ಫಲಕ. ನಿಮ್ಮ ಪಟ್ಟಿಯಲ್ಲಿ ತೊಂಬತ್ಮೂರು ಎಂದರೆ ಕಾಲುವೆಯ ನಟ್ಟನಡುವಿನ ತೂಬು. ದುರಸ್ತಿಯವರು ಅಲ್ಲಿಗೆ ಹೋದರು, ಬಾಗಿಲು ಗಟ್ಟಿಮುಟ್ಟಾಗಿತ್ತು, ಬೈದುಕೊಂಡು ವಾಪಸಾದರು. ಗುರಪ್ಪ ಎರಡನೆಯ ಸಲ ಒತ್ತಿದರು. ಮತ್ತೆ ಅದೇ ಆಯಿತು. ಮೂರನೆಯ ಸಲ ನಿಮ್ಮ ಒಬ್ಬ ಸಾಹೇಬರು ಜೀಪಿನಲ್ಲಿ ಬಂದು ಇಳಿದು, ಆ ನಡುವಿನ ತೂಬಿನ ಬಾಗಿಲನ್ನು ಬೂಟಿನಿಂದ ಒದ್ದು ನೋಡಿ, "ಸುಳ್ಳು ವರದಿ" ಎಂದು ಬರೆದುಕೊಂಡರು. ಮಾನ್ಯರೇ, ಆ ತೂಬಿನ ಮೇಲೆ ನಿಮ್ಮದೇ ಫಲಕ ಇತ್ತು. ಸಾಹೇಬರ ಕಿಸೆಯಲ್ಲಿ ಫೋನ್ ಇತ್ತು. ಒಮ್ಮೆ ಸ್ಕ್ಯಾನ್ ಮಾಡಿದ್ದರೆ ಅದು ತೊಂಬತ್ಮೂರಲ್ಲ, ನಲವತ್ತೇಳು ಎಂದು ಅಲ್ಲೇ ತಿಳಿಯುತ್ತಿತ್ತು. ಇಡೀ ಜಿಲ್ಲೆಯ ಲಸ್ಕರರಿಗೆ ಸ್ಕ್ಯಾನ್ ಮಾಡಿ ಎಂದು ಹುಕುಂ ಹೊರಡಿಸಿದ ಕಚೇರಿಯಲ್ಲಿ ಆ ಕೆಲಸ ಮಾಡಿ ನೋಡಿದವರು ಒಬ್ಬರೂ ಇಲ್ಲವೇ?

ಆಮೇಲೆ ವಿಚಾರಣೆ ನಡೆಯಿತು. ಯಾರೋ ಕಂಪ್ಯೂಟರಿನಲ್ಲಿ ಗುರಪ್ಪನವರ ಒಂದು ದಿನದ ನಕ್ಷೆ ತೆರೆದರು. ಎಡ, ಬಲ, ಎಡ, ಬಲ. ಫೋನಿಗೆ ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಕಾಲುವೆ ಕಡೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವೆಂದು ಜಾಗ ತೋರಿಸುವ ಭಾಗವನ್ನು ನೀವೇ ಬಂದ್ ಮಾಡಿಸಿದ್ದೀರಿ. ಯಂತ್ರಕ್ಕೆ ಗೊತ್ತಿರುವುದು ಯಾವ ಕೋಡ್, ಎಷ್ಟು ಗಂಟೆ, ಅಷ್ಟೆ. ವಿಚಾರಣಾ ವರದಿಯ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: "ಸದರಿ ಲಸ್ಕರ್ ನಡುವೆ ಎಲ್ಲೂ ಸೇತುವೆ ಇಲ್ಲದ ಕಾಲುವೆಯನ್ನು ದಿನಕ್ಕೆ ನೂರಾ ಎಂಬತ್ತೈದು ಸಲ ದಾಟಿರುವುದಾಗಿ ಕಂಡುಬರುತ್ತದೆ. ಇದು ಮನುಷ್ಯಮಾತ್ರರಿಂದ ಅಸಾಧ್ಯ. ಆದ್ದರಿಂದ ಫಲಕಗಳ ಪ್ರತಿಗಳನ್ನು ಮನೆಯಲ್ಲಿಟ್ಟುಕೊಂಡು ಸುಳ್ಳು ಹಾಜರಿ ದಾಖಲಿಸಿರುವುದು ರುಜುವಾತಾಗಿದೆ." ಎಷ್ಟು ಸರಿಯಾದ ತರ್ಕ. ಮೊದಲ ಎರಡು ವಾಕ್ಯಕ್ಕೆ ನನ್ನ ತಕರಾರಿಲ್ಲ. ಅಸಾಧ್ಯವಾದದ್ದು ಕಂಡಾಗ ನಮ್ಮ ಪಟ್ಟಿಯಲ್ಲೇ ಏನಾದರೂ ತಪ್ಪಿದೆಯೇ ಎಂಬ ಸಂಶಯ ಮಾತ್ರ ನಿಮ್ಮಲ್ಲಿ ಯಾರಿಗೂ ಬರಲಿಲ್ಲ. ಮನುಷ್ಯ ಸುಳ್ಳು ಹೇಳುವುದು ಅಷ್ಟು ಸಹಜ, ಕಂಪ್ಯೂಟರಿನ ಪಟ್ಟಿ ತಪ್ಪುವುದು ಅಷ್ಟು ಅಪರೂಪ ಎಂದು ನಿಮಗೆ ಯಾರು ಹೇಳಿಕೊಟ್ಟರು?

ಒಂದು ಸಂಗತಿ ಹೇಳಲೇಬೇಕು. ಫಲಕಗಳನ್ನು ನಿಜವಾಗಿಯೂ ಮನೆಯಲ್ಲಿ ಇಟ್ಟುಕೊಂಡ ಇನ್ನೊಬ್ಬ ಲಸ್ಕರ್ ನಿಮ್ಮಲ್ಲಿ ಇದ್ದಾರೆ. ಕಟ್ಟಿಗೆ ತಂತಿ ಪೋಣಿಸಿ ಪಡಸಾಲೆಯ ಗೋಡೆಗೆ ನೇತುಹಾಕಿದ್ದಾರೆ. ಚಹಾ ಕುಡಿದು ಹೊರಸಿನ ಮೇಲೆ ಕುಳಿತು ಪುಸ್ತಕದ ಹಾಳೆ ತಿರುವಿದಂತೆ ಒಂದೊಂದೇ ತಿರುವಿ ಸ್ಕ್ಯಾನ್ ಮಾಡುತ್ತಾರೆ. ಎಲ್ಲಕ್ಕೂ ಹಸಿರು. ಅವರ ನಕ್ಷೆಯಲ್ಲೂ ದಿನವೂ ಅಷ್ಟೇ ಸಲ ಕಾಲುವೆ ದಾಟಿದ್ದು ಇರುತ್ತದೆ, ಆದರೆ ಅದನ್ನು ಯಾರೂ ತೆರೆದು ನೋಡುವುದಿಲ್ಲ, ಏಕೆಂದರೆ ಅವರು ಎಂದೂ ಕೆಂಪು ಗುಂಡಿ ಒತ್ತಿ ನಿಮಗೆ ತೊಂದರೆ ಕೊಟ್ಟಿಲ್ಲ. ಸ್ವಾತಂತ್ರ್ಯ ದಿನದಂದು ನೀವು ಅವರಿಗೆ ಶ್ಲಾಘನಾ ಪತ್ರ ಕೊಟ್ಟಿರಿ. ಅದನ್ನು ಲ್ಯಾಮಿನೇಷನ್ ಮಾಡಿಸಲು ತಂದದ್ದು ನನ್ನ ಅಂಗಡಿಗೆ. ಅವರ ಹೆಸರು ಹೇಳುವುದಿಲ್ಲ. ಅವರ ಮನೆಯಲ್ಲೂ ಒಲೆ ಉರಿಯಬೇಕು.

ಗುರಪ್ಪ ನೋಟೀಸ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದದ್ದು ಜಗಳ ಮಾಡಲು ಅಲ್ಲ, ಜೆರಾಕ್ಸ್ ಮಾಡಿಸಲು. ಅವರಿಗೆ ನನ್ನ ಮೇಲೆ ಯಾವ ಸಂಶಯವೂ ಇರಲಿಲ್ಲ. ಜೆರಾಕ್ಸ್ ಹಾಕುವಾಗ ನೋಟೀಸಿಗೆ ಲಗತ್ತಿಸಿದ ತೂಬುಗಳ ಪಟ್ಟಿಯ ಮೇಲೆ ನನ್ನ ಕಣ್ಣು ಬಿತ್ತು. ಎಡ ಬಲ ಸಹಿತ ಪೂರ್ತಿ ಪಟ್ಟಿಯನ್ನು ನಾನು ನೋಡಿದ್ದು ಅದೇ ಮೊದಲು. "ಗುರಪ್ಪಣ್ಣ, ನೀವು ಫಲಕ ಯಾವ ದಾರೀಲೆ ಹಚ್ಚಿದ್ರಿ?" ಎಂದು ಕೇಳಿದೆ.

"ಹೆಂಗ ಅಂದ್ರ? ಎಡದಾಗ ಇಳದು ಬಲದಾಗ ಏರಿದೆ. ಮತ್ತ ಹೆಂಗ ಹೋಗಾಕ ಬರ್ತದ ಯವ್ವ, ನಡುವ ನೀರ ಅದಲ್ಲ."

ನಾನು ಆ ಪಟ್ಟಿಯನ್ನು ಅವರ ಮುಂದೆ ಹರಡಿದೆ. ಏನಾಗಿದೆ ಎಂದು ಅವರಿಗೆ ಬಿಡಿಸಿ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. "ನೀ ಪಟ್ಟಿ ಪ್ರಕಾರ ಮಾಡೀದಿ, ನಾ ಕಾಲ ಪ್ರಕಾರ ಮಾಡೀನಿ. ಇಬ್ಬರೂ ಖರೇನ ಮಾಡೀವಿ. ಹಂಗಾದ್ರ ಸುಳ್ಳ ಎಲ್ಲಿಂದ ಬಂತು?" ಎಂದರು. ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ತಿಳಿಸಿ.

ಮುಂದಿನ ಭಾನುವಾರ ಅಂಗಡಿ ಮುಚ್ಚಿ ನಾನು ಅವರ ಜೊತೆ ಆ ಕಾಲುವೆ ನಡೆದೆ. ಆರಕ್ಕೆ ಹೊರಟೆವು. ಒಂದೊಂದು ಫಲಕವನ್ನೂ ನಾನೇ ಸ್ಕ್ಯಾನ್ ಮಾಡಿ, ಫೋನು ತೋರಿಸಿದ ನಂಬರನ್ನೂ ನಿಂತ ಜಾಗವನ್ನೂ ಬರೆದುಕೊಂಡೆ. ಗುರಪ್ಪನವರಿಗೆ ನಂಬರ್ ಬೇಕಿಲ್ಲ. ಹುಣಸಿ ತೂಬು, ಅಮಾತೆಪ್ಪನ ತೂಬು, ಎರಡು ಕಲ್ಲಿನ ತೂಬು ಎಂದು ನೂರಾ ಎಂಬತ್ತಾರಕ್ಕೂ ಹೆಸರು ಹೇಳಿದರು, ಯಾವುದು ಎಷ್ಟು ತಿರುವಿಗೆ ತೆರೆಯುತ್ತದೆ ಎಂಬುದನ್ನೂ ಹೇಳಿದರು. ಅರ್ಧ ದಾರಿಗೆ ನಾನು ಹಿಂದೆ ಬೀಳತೊಡಗಿದೆ. ಅವರು ನನಗಾಗಿ ನಿಧಾನ ಮಾಡುತ್ತಿದ್ದರು, ಅದು ನನಗೆ ಗೊತ್ತಾಗದ ಹಾಗೆ ಬೇಲಿ ನೋಡುತ್ತಾ ನಿಲ್ಲುತ್ತಿದ್ದರು. ಕೊನೆಯ ತೂಬಿನ ಹತ್ತಿರ ಹನುಮಮ್ಮ ಮಣ್ಣು ತುಂಬಿದ ಚೀಲಗಳನ್ನು ಒಡ್ಡಿ ನೀರು ತಡೆಯುತ್ತಿದ್ದಳು. ಈಗ ಗುರಪ್ಪನವರ ಬದಲು ಬಂದವನು ಫಲಕದ ಫೋಟೋ ತೆಗೆದುಕೊಂಡು ಹೋದವನು ಮತ್ತೆ ಈ ಕಡೆ ಬಂದಿಲ್ಲವಂತೆ. "ಮೊದಲ ಗುರಪ್ಪ ಬರ್ತಿದ್ದ, ಪಾಳಿಗೆ ನೀರ ಬರ್ತಿತ್ತು, ಪಾಳಿ ಮುಗದ್ರ ನಿಲ್ತಿತ್ತು. ಈಗ ನೀರ ಮೊಬೈಲ್‌ದಾಗ ನಿಂತೈತಂತ. ನನ್ನ ಹೊಲದಾಗ ಹೆಂಗ ನಿಲ್ಲಸ್ಲಿ, ನೀನರ ಹೇಳು" ಎಂದು ನನ್ನನ್ನೇ ಕೇಳಿದಳು. ನಾನು ಚೀಲ ಎತ್ತಿಕೊಟ್ಟೆ.

ನನ್ನ ಪುಸ್ತಕವನ್ನೂ ನೋಟೀಸಿನ ಜೊತೆ ಬಂದ ನಿಮ್ಮ ಎಪ್ಪತ್ತೊಂದು ದಿನದ ದಾಖಲೆಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ಫಲಕದ ಕ್ರಮ ಸರಿಪಡಿಸಿ ಓದಿದರೆ ಗುರಪ್ಪನವರ ಪ್ರತಿ ಸ್ಕ್ಯಾನೂ ಅವರ ನಡಿಗೆಗೆ ಕೂಡುತ್ತದೆ. ಆರಕ್ಕೆ ಸೇತುವೆ, ಹನ್ನೆರಡಕ್ಕೆ ಕೊನೆ, ಅಲ್ಲಿ ಅರ್ಧ ಗಂಟೆ ಯಾವ ಸ್ಕ್ಯಾನೂ ಇಲ್ಲ. ಅದು ರೊಟ್ಟಿ ತಿನ್ನುವ ಹೊತ್ತು. ಎಪ್ಪತ್ತೊಂದು ದಿನವೂ ಅದೇ ಅರ್ಧ ಗಂಟೆ. ಮನೆಯಲ್ಲಿ ಕುಳಿತು ಸುಳ್ಳು ಬರೆಯುವವನು ತಾನು ತಿನ್ನದ ರೊಟ್ಟಿಗೆ ದಿನವೂ ಅರ್ಧ ಗಂಟೆ ಬಿಡುತ್ತಾನೆಯೇ? ಇದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ನಿಮ್ಮ ಕಚೇರಿಗೆ ತಂದೆ. ಗುಮಾಸ್ತರು ಪೋರ್ಟಲ್‌ನಲ್ಲಿ ಹಾಕಿ ಎಂದರು. ಪೋರ್ಟಲ್‌ನವರು ಕ್ರಮ ಬದಲಿಸಲು ಕಚೇರಿಯ ಪತ್ರ ಬೇಕು ಎಂದರು. ಕಚೇರಿಯವರು ಪತ್ರ ಕೊಡಲು ಪೋರ್ಟಲ್‌ನವರ ಟಿಪ್ಪಣಿ ಬೇಕು ಎಂದರು. ಕೊನೆಗೆ ನಿಮ್ಮ ಬಾಗಿಲಲ್ಲೇ "ನಿಮ್ಮ ದೂರು ಇಲ್ಲಿ ಸ್ಕ್ಯಾನ್ ಮಾಡಿ" ಎಂದು ಹಾಕಿದ ಕೋಡ್ ಕಂಡಿತು. ಸ್ಕ್ಯಾನ್ ಮಾಡಿದೆ. ಈ ಕೋ‌ಡಿನ ಅವಧಿ ಮುಗಿದಿದೆ ಎಂದು ಬಂತು. ವರ್ಷದ ಶುಲ್ಕ ತುಂಬಿಲ್ಲ. ಕಸುಬಿನವಳಾಗಿ ಹೇಳುತ್ತಿದ್ದೇನೆ, ಅದನ್ನು ಬದುಕಿಸುವುದು ಹತ್ತು ನಿಮಿಷದ ಕೆಲಸ. ಗುರಪ್ಪನವರ ನೂರಾ ಎಂಬತ್ತಾರು ಫಲಕಗಳನ್ನು ಪಟ್ಟಿಯಲ್ಲಿ ಸರಿ ಮಾಡುವುದು ಅರ್ಧ ಗಂಟೆಯ ಕೆಲಸ. ಉಳಿದ ಲಸ್ಕರರೂ ತಮ್ಮ ಕಾಲಿನ ದಾರಿಯಲ್ಲೇ ಹಚ್ಚಿರುತ್ತಾರೆ, ಅವರದೂ ನೋಡಿ.

ಈಗ ಕೊನೆಯ ವಿಷಯ. ಹೋದ ವಾರ ನಿಮ್ಮ ಕಚೇರಿ ಗುರಪ್ಪನವರ ಮೇಲೆ ಕರುಣೆ ತೋರಿಸಿದೆ. "ಮಾನವೀಯ ದೃಷ್ಟಿಯಿಂದ" ಒಂದು ಮುದ್ರಿತ ತಪ್ಪೊಪ್ಪಿಗೆ ಪತ್ರ ಕಳಿಸಿದೆ. ಅದಕ್ಕೆ ಸಹಿ ಮಾಡಿದರೆ ಹೊಸ ಕೂಲಿಯಾಗಿ ಸೇರಿಸಿಕೊಳ್ಳುತ್ತೀರಿ, ಹಿಂದಿನ ಇಪ್ಪತ್ತೊಂದು ವರ್ಷ ಲೆಕ್ಕಕ್ಕಿಲ್ಲ. ಕಾಯಂ ಮಾಡಬೇಕಾದವರ ಪಟ್ಟಿಯಲ್ಲಿ ಅವರ ಹೆಸರು ಒಂಬತ್ತನೆಯದಿತ್ತು, ಅದನ್ನು ಹೊಡೆದುಹಾಕುತ್ತೀರಿ. ಅವರ ಹೆಂಡತಿ ಭೀಮವ್ವ ನನ್ನ ಅಂಗಡಿಗೆ ಬಂದು, "ಸಹಿ ಮಾಡ್ಲಿ ಬಿಡವ್ವ. ಮನ್ಯಾಗ ಕುಂತ್ರ ಆ ಮನುಷ್ಯ ಉಳ್ಯಾಂಗಿಲ್ಲ. ಕಾಲುವಿ ಮ್ಯಾಲ ಹೋದ್ರ ಸಾಕು" ಅಂದಳು. ಗುರಪ್ಪ ಆಕೆಯ ಹಿಂದೆ ನಿಂತಿದ್ದರು. "ಕೆಲ್ಸ ಕೊಡದಿದ್ರೂ ನಡೀತದ. ಆದ್ರ ಮನ್ಯಾಗ ಕುಂತು ಹಾಜರಿ ಹಾಕ್ದ ಅಂತ ಬರದಾರಲ್ಲ, ಅದೊಂದ ತಗದ್ರ ಸಾಕಾಗಿತ್ತು," ಎಂದರು. ಆಮೇಲೆ ಹೆಂಡತಿಯ ಮುಖ ನೋಡಿ, "ಹೋಗ್ಲಿ, ಸೋಮವಾರ ಬಂದು ಸಹಿ ಮಾಡ್ತೀನಿ. ಎಲ್ಲಿ ಮಾಡಬೇಕು ತೋರಿಸು," ಎಂದು ಆ ಕಾಗದವನ್ನು ನನ್ನ ಹತ್ತಿರವೇ ಇಟ್ಟು ಹೋದರು. ಅದು ನನ್ನ ಮೇಜಿನ ಡ್ರಾದಲ್ಲಿದೆ.

ನನ್ನ ಬೇಡಿಕೆ ಇಷ್ಟೇ. "ಸುಳ್ಳು ಹಾಜರಿ" ಎಂಬ ಎರಡು ಮಾತನ್ನು ನಿಮ್ಮ ದಾಖಲೆಯಿಂದ ತೆಗೆದು, ತೆಗೆದಿದ್ದೇವೆ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಿ. ಅವರನ್ನು ಅವರ ಇಪ್ಪತ್ತೊಂದು ವರ್ಷಗಳ ಸಮೇತ ಕೆಲಸಕ್ಕೆ ಕರೆಯಿರಿ. ಹನುಮಮ್ಮನ ತೂಬಿಗೆ ಬಾಗಿಲು ಹಾಕಿಸಿ. ತಪ್ಪೊಪ್ಪಿಗೆ ಇಲ್ಲದೆ ಕಡತ ಮುಗಿಯುವುದಿಲ್ಲ ಎನ್ನುವುದಾದರೆ ಅದಕ್ಕೂ ದಾರಿ ಮಾಡಿದ್ದೇನೆ. ನನ್ನದು ಜೆರಾಕ್ಸ್ ಅಂಗಡಿ. ನಿಮ್ಮ ಮುದ್ರಿತ ಪತ್ರದ ಒಂದು ಪ್ರತಿ ತೆಗೆದು, ಹೆಸರಿನ ಜಾಗದಲ್ಲಿ ದೇವಕಮ್ಮ ಎಂದು ಬರೆದು, ಫಲಕಗಳ ಕೆಳಗೆ ಹೆಸರು ಹಾಕದೆ ಕೊಟ್ಟದ್ದು ನಿಜ ಎಂದು ಒಪ್ಪಿ ಸಹಿ ಮಾಡಿ ಇದರ ಜೊತೆ ಲಗತ್ತಿಸಿದ್ದೇನೆ. ಸಾಕ್ಷಿಯ ಜಾಗ ಖಾಲಿ ಬಿಟ್ಟಿದ್ದೇನೆ. ಅಂದು ಏಕರೂಪತೆಯ ಮಾತಾಡಿದವರು ಮನಸ್ಸಿದ್ದರೆ ಅಲ್ಲಿ ಸಹಿ ಹಾಕಬಹುದು.

ಗುರಪ್ಪ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಸಹಿ ಮಾಡುವ ಮೊದಲು ಏನು ಬರೆದಿದೆ ಓದು ಎನ್ನುತ್ತಾರೆ, ಅದು ಅವರ ಪದ್ಧತಿ. "ನಾನು ಒಂದು ದಿನವೂ ಕಾಲುವೆಯ ಮೇಲೆ ನಡೆಯದೆ" ಎಂದು ಆ ಪತ್ರ ಶುರುವಾಗುತ್ತದೆ. ಎದುರಿಗೆ ಕುಳಿತ ಆ ಮನುಷ್ಯನ ಒಡೆದ ಹಿಮ್ಮಡಿ ನೋಡುತ್ತಾ ನಾನು ಅದನ್ನು ಓದಲಾರೆ. ಹತ್ತು ಗಂಟೆಯೊಳಗೆ ಬೇರೆ ಕಾಗದ ಕಳಿಸಿ, ಇಲ್ಲವೇ ಬಂದು ನೀವೇ ಅವರಿಗೆ ಓದಿ ಹೇಳಿ.

ಇಂತಿ,
ಆರು ಸಾವಿರದ ಇನ್ನೂರು ಕೋಡ್ ಮುದ್ರಿಸಿ, ಒಬ್ಬ ಮನುಷ್ಯನನ್ನು ಯಾವ ದಾರಿಯಲ್ಲಿ ನಡೆಯುತ್ತೀರಿ ಎಂದು ಕೇಳದೆ ಹೋದ
ದೇವಕಮ್ಮ
ಬಸ್ ನಿಲ್ದಾಣದ ಎದುರಿನ ಓಣಿ, ಶಹಾಪುರ